ಉಪ್ಪುಗಾಳಿಯ ಊರಿನಲ್ಲಿ ಶಿಕಾಗೋ ಪದಕಗಳು

ಅಮೆರಿಕದ ಹಳೆಯ ವಸ್ತುಪ್ರದರ್ಶನಗಳ ಪದಕ ಸಂಗ್ರಹಿಸುವ ಆಸೆಯಿದ್ದರೆ ಮೊದಲು ಒಂದೇ ಪ್ರದರ್ಶನವನ್ನು ಹಿಡಿಯಿರಿ. 1876ರ ಫಿಲಡೆಲ್ಫಿಯಾ, 1904ರ ಸೇಂಟ್ ಲೂಯಿಸ್, 1915ರ ಸ್ಯಾನ್ ಫ್ರಾನ್ಸಿಸ್ಕೋ ಎಂದು ಎಲ್ಲದಕ್ಕೂ ಕೈಚಾಚಿದರೆ ಹಣವೂ ಗಮನವೂ ಚೆದುರುತ್ತವೆ. ನನ್ನದು 1893ರ ಶಿಕಾಗೋ. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಪ್ರದರ್ಶನದ ಅಂಗವಾಗಿಯೇ.

ಅಲ್ಲಿನ ಬಹುಮಾನದ ಪದಕ ಅಂಗೈ ತುಂಬುವಂಥದ್ದು: ಕಂಚು, ಸುಮಾರು 76 ಮಿಲಿಮೀಟರ್ ಅಗಲ. ಮುಂಬದಿಯಲ್ಲಿ ಕೊಲಂಬಸ್ ದಡಕ್ಕೆ ಕಾಲಿಡುತ್ತಿದ್ದಾನೆ. ಅದು ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್ ಅವರ ಕೆಲಸ. ಹಿಂಬದಿಗೆ ಅವರು ರೂಪಿಸಿದ್ದ ಬೆತ್ತಲೆ ಹುಡುಗನಿಗೆ ಆಕ್ಷೇಪ ಬಂದು, ಟಂಕಸಾಲೆಯ ಚಾರ್ಲ್ಸ್ ಬಾರ್ಬರ್ ಅವರ ವಿನ್ಯಾಸ ಆ ಜಾಗಕ್ಕೆ ಬಂತು. ಬಹುಮಾನ ಪಡೆದವರ ಹೆಸರು ಇರುವುದು ಈ ಹಿಂಬದಿಯಲ್ಲಿಯೇ. ಆದ್ದರಿಂದ ಮಾರುವವರು ಮುಂಬದಿಯ ಚಿತ್ರ ಮಾತ್ರ ಕಳಿಸಿದರೆ ಸುಮ್ಮನಾಗಬೇಡಿ, ಹಿಂಬದಿಯನ್ನೂ ಅಂಚನ್ನೂ ತೋರಿಸಲು ಕೇಳಿ. ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿರುತ್ತವೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗೆರೆಗಳು ಕಾಣಬಹುದು. ಎರಕ ಆರುವಾಗ ಕುಗ್ಗುವುದರಿಂದ ಅಗಲವೂ ತುಸು ಕಡಿಮೆ. ಅದನ್ನು ನಿಖರವಾಗಿ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ.

ಪದಕ ಮನೆ ಸೇರಿದ ಮೇಲೆ ನಿಜವಾದ ಕೆಲಸ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಮಳೆಗಾಲದಲ್ಲಿ ಇಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕುವ ಅಭ್ಯಾಸವನ್ನು ಪದಕದ ಹತ್ತಿರ ತರಲೇಬೇಡಿ. ಆ ಕಂದು ಹೊದಿಕೆ ನೂರು ವರ್ಷಗಳ ಗಳಿಕೆ. ಒಮ್ಮೆ ಹೋದರೆ ಬೆಲೆಯೂ ಹೋಯಿತು. ಬೆರಳಿನ ಬೆವರೂ ಉಪ್ಪೇ, ಅಂಚು ಹಿಡಿದು ಎತ್ತಿ. ಪಿವಿಸಿ ಲಕೋಟೆ ಕ್ರಮೇಣ ಕಂಚಿಗೆ ಹಸಿರು ಜಿಗುಟು ಹತ್ತಿಸುತ್ತದೆ, ಪಾಲಿಯೆಸ್ಟರ್‌ನದು ಕ್ಷೇಮ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರಿಕೊಂಡಂತೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಪದೇ ಪದೇ ನೋಡುತ್ತಿರಿ.

ಕಿಲುಬೆಲ್ಲ ಕೆಟ್ಟದ್ದಲ್ಲ. ಗಟ್ಟಿಯಾಗಿ ಅಂಟಿಕೊಂಡ ಹಸಿರನ್ನು ಹಾಗೆಯೇ ಬಿಡಿ. ತಿಳಿಹಸಿರು ಪುಡಿ ಉದುರುತ್ತಿದ್ದು, ಒರೆಸಿದರೂ ಮತ್ತೆ ಮೂಡಿದರೆ ಉಪ್ಪಿನ ಕ್ಲೋರೈಡ್ ಲೋಹದೊಳಗೆ ಇಳಿದಿದೆ ಎಂದರ್ಥ. ಅದಕ್ಕೆ ತೇವ ಸಿಗದಿದ್ದರೆ ಹಬ್ಬುವುದು ನಿಲ್ಲುತ್ತದೆ. ಅಂಥದ್ದನ್ನು ತಕ್ಷಣ ಬೇರೆ ಒಣ ಡಬ್ಬಿಗೆ ಹಾಕಿ.

ಶಿಕಾಗೋದಲ್ಲಿ ಅಲ್ಯೂಮಿನಿಯಂ ಸ್ಮರಣಿಕೆಗಳೂ ಬೇಕಾದಷ್ಟು ಮಾರಾಟವಾದವು, ಆಗ ಅದು ಜನರಿಗೆ ಹೊಸ ಲೋಹ. ಹಗುರವಾದ, ಮುದ್ದಾದ ಬಿಲ್ಲೆಗಳು. ಅವನ್ನು ಕಂಚಿಗೆ ತಾಗಿಸಿ ಇಡಬೇಡಿ. ತೇವದಲ್ಲಿ ಎರಡೂ ತಾಗಿದರೆ ಸವೆಯುವುದು ಅಲ್ಯೂಮಿನಿಯಂ.