ಸರದಿ ಸಾಲಿನಲ್ಲಿ ಕುಸಿದವರು: ಆಸ್ಪತ್ರೆಯ ಸ್ವಯಂಸೇವಕನಾಗಿ ನನ್ನ ಅನುಭವ

ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ಕೋಲಾರದ ಆಸ್ಪತ್ರೆಯೊಂದರಲ್ಲಿ ಬೆಳಗಿನ ಹೊತ್ತು ಸ್ವಯಂಸೇವಕನಾಗಿದ್ದೇನೆ. ಒಪಿಡಿ ಚೀಟಿ ಮಾಡಿಸಲು ತಿಳಿಯದವರಿಗೆ ನೆರವಾಗುವುದು, ಎಕ್ಸ್‌ರೇ ಕೋಣೆಗೆ ದಾರಿ ತೋರಿಸುವುದು, ನಡೆಯಲಾಗದವರಿಗೆ ವೀಲ್‌ಚೇರ್ ತರುವುದು ನಮ್ಮ ದಿನನಿತ್ಯದ ಕೆಲಸ. ತುರ್ತು ಸಂದರ್ಭವೆಂದರೆ ಎಲ್ಲರಿಗೂ ನೆನಪಾಗುವುದು ಕ್ಯಾಷುಯಾಲಿಟಿಯ ಬಾಗಿಲು ಮತ್ತು 108 ಆಂಬುಲೆನ್ಸ್. ಆದರೆ ಅಲ್ಲಿ ವೈದ್ಯರೂ ಸಿಸ್ಟರ್‌ಗಳೂ ಮೊದಲೇ ಸಿದ್ಧರಿರುತ್ತಾರೆ. ನಮ್ಮ ಕಣ್ಣಿಗೆ ಮೊದಲು ಬೀಳುವ ಅವಘಡಗಳು ಬೇರೆ ಕಡೆ ನಡೆಯುತ್ತವೆ: ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದು ಸಾಲಿನಲ್ಲೇ ಕುಸಿಯುವ ಸಕ್ಕರೆ ಕಾಯಿಲೆಯವರು, ಒದ್ದೆ ನೆಲದ ಮೇಲೆ ಜಾರಿ ಬೀಳುವ ವೃದ್ಧರು, ಔಷಧದ ಕಿಟಕಿಯ ಮುಂದೆ ಎದೆ ಹಿಡಿದುಕೊಂಡು ಕೂರುವವರು. ಇವು ಆಸ್ಪತ್ರೆಯ ಒಳಗಿದ್ದರೂ ವೈದ್ಯರ ಕಣ್ಣಿಗೆ ಬೀಳದ ಜಾಗಗಳು. ಆದ್ದರಿಂದ ಮೊದಲ ಎರಡು ನಿಮಿಷಗಳ ಹೊಣೆ ಸಹಜವಾಗಿ ಅಲ್ಲಿ ನಿಂತಿರುವ ಸ್ವಯಂಸೇವಕನ ಮೇಲೆ ಬೀಳುತ್ತದೆ.

ಆ ಎರಡು ನಿಮಿಷಗಳಲ್ಲಿ ಚಿಕಿತ್ಸೆಗಿಂತ ಮುಖ್ಯವಾದದ್ದು ಸರಿಯಾದ ಸುದ್ದಿ ಸರಿಯಾದ ಕಡೆ ತಲುಪುವುದು. “ಯಾರಾದರೂ ಡಾಕ್ಟರನ್ನು ಕರೆಯಿರಿ” ಎಂದು ಕೂಗಿದರೆ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆಯೇ ಹೊರತು ಯಾರೂ ಕದಲುವುದಿಲ್ಲ. ನಾನು ರೋಗಿಯ ಬಳಿಯಿಂದ ಏಳದೆ, ಗುಂಪಿನಲ್ಲಿ ಒಬ್ಬರನ್ನು ಗುರುತಿಸಿ, “ನೀಲಿ ಷರಟಿನ ಅಣ್ಣ, ನೀವೇ ಕ್ಯಾಷುಯಾಲಿಟಿಗೆ ಹೋಗಿ, ಎಕ್ಸ್‌ರೇ ಕೋಣೆಯ ಎದುರು ಐವತ್ತರ ಆಸುಪಾಸಿನ ಗಂಡಸು ಬಿದ್ದಿದ್ದಾರೆ, ಕೂಗಿದರೆ ಓಗೊಡುತ್ತಿಲ್ಲ ಎಂದು ಹೇಳಿ ಸ್ಟ್ರೆಚರ್ ಸಮೇತ ಕರೆದುಕೊಂಡು ಬನ್ನಿ” ಎನ್ನುತ್ತೇನೆ. ಎಲ್ಲಿ, ಯಾರು, ಏನಾಗಿದೆ ಎಂಬ ಮೂರು ಸಂಗತಿಗಳು ಇದರಲ್ಲಿ ಬಂದುಬಿಡುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಹೃದಯ ನಿಂತವರಿಗೆ ಕೋಡ್ ಬ್ಲೂ, ಬೆಂಕಿಗೆ ಕೋಡ್ ರೆಡ್, ಕಾಣೆಯಾದ ಮಗುವಿಗೆ ಕೋಡ್ ಪಿಂಕ್ ಎಂದು ಧ್ವನಿವರ್ಧಕದಲ್ಲಿ ಕೂಗುವ ರೂಢಿಯಿದೆ. ಅಂಥ ಕಡೆ ಕೆಲಸ ಮಾಡುವವರು ಆ ಕೂಗು ಹಾಕಿಸಲು ಕರೆ ಮಾಡಬೇಕಾದ ಆಸ್ಪತ್ರೆಯ ಒಳ ಫೋನ್ ಸಂಖ್ಯೆಯನ್ನು ಗುರುತಿನ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಗಾಬರಿಯಲ್ಲಿ ಸ್ವಂತ ಮನೆಯ ಸಂಖ್ಯೆಯೂ ಮರೆತುಹೋಗುತ್ತದೆ.

ಬಿದ್ದವರು ಭುಜ ತಟ್ಟಿ ಕರೆದರೂ ಎಚ್ಚರಗೊಳ್ಳದಿದ್ದರೆ, ಉಸಿರಾಟವೂ ಇಲ್ಲದಿದ್ದರೆ, ತರಬೇತಿ ಪಡೆದ ಸ್ವಯಂಸೇವಕ ವೈದ್ಯರು ಬರುವವರೆಗೆ ಕಾಯಬೇಕಾಗಿಲ್ಲ. ಎದೆಯ ನಡುಭಾಗದಲ್ಲಿ ಅಂಗೈ ಬುಡವನ್ನಿಟ್ಟು, ಮೊಣಕೈ ಬಾಗಿಸದೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಮತ್ತು 6 ಸೆಂಟಿಮೀಟರ್ ಮೀರದಂತೆ ಒತ್ತಬೇಕು. ಪ್ರತಿ ಒತ್ತಿನ ಬಳಿಕ ಎದೆ ಪೂರ್ತಿ ಮೇಲೇಳಲು ಬಿಡಬೇಕು. ವೈದ್ಯಕೀಯದ ಹಿನ್ನೆಲೆಯಿಲ್ಲದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡದೆ ಎದೆ ಒತ್ತುವುದನ್ನಷ್ಟೇ ಕಲಿಸುವ ಪದ್ಧತಿ ನಮ್ಮ ದೇಶದಲ್ಲಿದೆ. ಹೊಸಬರು ಎಡವುವುದು ಒತ್ತುವುದರಲ್ಲಿ ಅಲ್ಲ, ಉಸಿರನ್ನು ಗುರುತಿಸುವುದರಲ್ಲಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು, ನೀರಿನಿಂದ ಹೊರತೆಗೆದ ಮೀನಿನಂತೆ ಗುಟುಕರಿಸುವುದು ಉಸಿರಾಟವಲ್ಲ. ಅದನ್ನು ಉಸಿರೆಂದು ನಂಬಿ ಕೈಕಟ್ಟಿ ನಿಂತರೆ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವ ವ್ಯಕ್ತಿ ಬದಲಾಗಬೇಕು, ಏಕೆಂದರೆ ದಣಿದ ಕೈ ತನಗೇ ತಿಳಿಯದಂತೆ ಒತ್ತಡವನ್ನು ತಗ್ಗಿಸುತ್ತದೆ. ವೈದ್ಯರ ತಂಡ ಬಂದೊಡನೆ ರೋಗಿ ಬಿದ್ದ ಹೊತ್ತನ್ನೂ ಒತ್ತಲು ಆರಂಭಿಸಿದ ಹೊತ್ತನ್ನೂ ತಿಳಿಸಿ ಪಕ್ಕಕ್ಕೆ ಸರಿಯಬೇಕು.

ಮಾಡಬೇಕಾದ್ದಕ್ಕಿಂತ ಮಾಡಬಾರದ್ದನ್ನು ತಡೆಯುವುದೇ ಹೆಚ್ಚಿನ ಸಲ ನಮ್ಮ ಪಾಲಿಗೆ ಬರುತ್ತದೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವವರು, ಹಲ್ಲುಗಳ ನಡುವೆ ಚಮಚ ಇಡಲು ಹೋಗುವವರು, ಈರುಳ್ಳಿ ಹುಡುಕುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರೊಡನೆ ವಾದಕ್ಕಿಳಿಯುವುದು ವ್ಯರ್ಥ. “ಅಮ್ಮಾ, ನೀವು ಈ ಚೀಟಿ ತೆಗೆದುಕೊಂಡು ಸಿಸ್ಟರ್ ಹತ್ತಿರ ಹೋಗಿಬನ್ನಿ” ಎಂದು ಅವರಿಗೊಂದು ಕೆಲಸ ಒಪ್ಪಿಸಿದರೆ ಜಾಗವೂ ತೆರವಾಗುತ್ತದೆ, ಅವರ ಮನಸ್ಸೂ ನೋಯುವುದಿಲ್ಲ. ಅಷ್ಟರಲ್ಲಿ ರೋಗಿಯ ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಸೆಳೆತ ಇಳಿದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದ ಸೆಳೆತದ ಮಾತೇ ಬೇರೆ, ಅದು ಗಂಭೀರ ತುರ್ತು. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜಾರಿ ಬಿದ್ದ ವೃದ್ಧರನ್ನು ರಟ್ಟೆ ಹಿಡಿದು ಎಬ್ಬಿಸಬಾರದು. ಸೊಂಟದ ಕೀಲು ಮುರಿದಿದ್ದರೆ ಆ ಉಪಕಾರವೇ ಅಪಾಯ ತರುತ್ತದೆ.

ನಮ್ಮ ಕಡೆ ಹಾವು ಕಚ್ಚಿದವರೂ ಕೀಟನಾಶಕ ಸೇವಿಸಿದವರೂ ಹೊಲದಿಂದ ನೇರವಾಗಿ ಆಟೋದಲ್ಲಿ ಬಂದಿಳಿಯುತ್ತಾರೆ. ಹಾವು ಕಚ್ಚಿದವರನ್ನು ನಡೆಸದೆ ಸ್ಟ್ರೆಚರಿನಲ್ಲೇ ಒಯ್ಯಬೇಕು. ಬಳೆ, ಉಂಗುರ, ಕಾಲ್ಗೆಜ್ಜೆಗಳನ್ನು ಊತ ಹೆಚ್ಚುವ ಮೊದಲೇ ತೆಗೆಸಬೇಕು. ಮನೆಯವರು ಬಿಗಿಯಾಗಿ ಹಗ್ಗ ಕಟ್ಟಿ ತಂದಿದ್ದರೆ ಅದನ್ನು ನಾವು ತಟ್ಟನೆ ಬಿಚ್ಚದೆ ವೈದ್ಯರ ಗಮನಕ್ಕೆ ತರಬೇಕು. ಸತ್ತ ಹಾವನ್ನು ಚೀಲದಲ್ಲಿ ತರುವವರೂ ಉಂಟು, ಅದರ ಅಗತ್ಯವಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಕೊಡುವುದು ಒಂದೇ ಪ್ರತಿವಿಷ. ಕೀಟನಾಶಕದ ವಿಷಯದಲ್ಲಿ ಮಾತ್ರ ಬಾಟಲಿ ಬೇಕೇ ಬೇಕು. ಅದರ ಮೇಲಿನ ಹೆಸರು ವೈದ್ಯರಿಗೆ ದಾರಿ ತೋರಿಸುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಬಿಡಬಾರದು. ನೆನೆದ ಬಟ್ಟೆಯನ್ನು ಗ್ಲೌಸ್ ಇಲ್ಲದೆ ಮುಟ್ಟಬಾರದು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ಅನೇಕರ ಮನೆಮಾತು ತೆಲುಗು. ಬೇರೆ ಊರಿನಿಂದ ಬಂದ ಕಿರಿಯ ವೈದ್ಯರು ಕೇಳುವ ಪ್ರಶ್ನೆಗಳು ಅವರಿಗೆ ಅರ್ಥವಾಗದಿದ್ದಾಗ, ಎಷ್ಟು ಹೊತ್ತಿಗೆ ಕುಡಿದರು, ಎಷ್ಟು ಕುಡಿದರು ಎಂಬುದನ್ನು ತೆಲುಗಿನಲ್ಲಿ ಕೇಳಿ ಹೇಳಿದ್ದಕ್ಕಿಂತ ದೊಡ್ಡ ಸೇವೆಯನ್ನು ನಾನು ಮಾಡಿಲ್ಲವೆಂದೇ ನನ್ನ ಭಾವನೆ.

ಹೆದ್ದಾರಿಯ ಅಪಘಾತದಲ್ಲಿ ಗಾಯಗೊಂಡವರನ್ನು ಕರೆತಂದ ಅಪರಿಚಿತರು ಪೊಲೀಸರ ಭಯದಿಂದ ಬಾಗಿಲಲ್ಲೇ ಚಡಪಡಿಸುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಇಂಥವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ತಿಳಿಸಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಇದನ್ನು ಹೇಳಿದ ಮೇಲೆ ಬಹಳಷ್ಟು ಮಂದಿ ತಾವಾಗಿಯೇ ನಿಂತು, ಅಪಘಾತ ಹೇಗಾಯಿತೆಂದು ವೈದ್ಯರಿಗೆ ವಿವರಿಸುತ್ತಾರೆ. ರೋಗಿಯ ಕಡೆಯವರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಟ್ಟು, ಉಳಿದವರ ಜೊತೆ ನಾನು ಹೊರಗೆ ಕೂರುತ್ತೇನೆ. “ಏನೂ ಆಗುವುದಿಲ್ಲ” ಎಂಬ ಮಾತನ್ನು ಮಾತ್ರ ಆಡುವುದಿಲ್ಲ. “ಒಳಗೆ ನೋಡುತ್ತಿದ್ದಾರೆ, ಡಾಕ್ಟರೇ ಬಂದು ಹೇಳುತ್ತಾರೆ” ಎನ್ನುತ್ತೇನೆ.

ಬೆಂಕಿಯ ವಿಷಯದಲ್ಲಿ ಸ್ವಯಂಸೇವಕನ ಕೆಲಸ ಬಹುಮಟ್ಟಿಗೆ ಮುಂಚಿನದು. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿದಾಗ, ಮಲಗಿದ್ದ ಅನೇಕ ರೋಗಿಗಳು ಉಸಿರುಗಟ್ಟಿ ಸತ್ತರು. ಹಾಗಾಗಿ ತುರ್ತು ಬಾಗಿಲಿನ ಮುಂದೆ ಮುರಿದ ಮಂಚ, ರಟ್ಟಿನ ಡಬ್ಬಗಳು ಕಂಡರೆ ಅಂದೇ ಮೇಲ್ವಿಚಾರಕರಿಗೆ ಹೇಳಿ ತೆಗೆಸುತ್ತೇನೆ. ಹೊಗೆ ಕಂಡರೆ ಲಿಫ್ಟ್ ಬಳಸುವಂತಿಲ್ಲ. ರೋಗಿಗಳನ್ನು ಮೆಟ್ಟಿಲಿಳಿಸುವ ಮೊದಲು ಅದೇ ಮಹಡಿಯ ಸುರಕ್ಷಿತ ಬದಿಗೆ ಸರಿಸಬೇಕು.

ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಯಾವ ಪಾಠವನ್ನೂ ಹೇಳುವುದಿಲ್ಲ. ಕಟ್ಟಡವನ್ನು ಸುತ್ತಿಸಿ, ಸ್ಟ್ರೆಚರ್‌ಗಳು ನಿಲ್ಲುವ ಜಾಗ, ಅಗ್ನಿಶಾಮಕ ಸಿಲಿಂಡರ್, ಎರಡನೆಯ ಮೆಟ್ಟಿಲು, ರಾತ್ರಿ ಬೀಗ ಬೀಳುವ ಬಾಗಿಲು ಇವನ್ನು ತೋರಿಸುತ್ತೇನೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳುತ್ತೇನೆ. ಸೂಜಿ ಚುಚ್ಚಿದರೆ ಹಿಂಡದೆ ಸಾಬೂನು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಿಗೆ ತಿಳಿಸಬೇಕು, ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ತಪ್ಪಿದರೂ 72 ಗಂಟೆಯೊಳಗೆ ಆರಂಭಿಸಬೇಕು ಎಂಬುದನ್ನು ಹೇಳಿ, ಅವರ ಕೈಗೆ ಒಂದು ಜೊತೆ ಗ್ಲೌಸ್ ಕೊಟ್ಟು ರಕ್ತಪರೀಕ್ಷೆಯ ಸಾಲಿನ ಬಳಿ ನಿಲ್ಲಿಸುತ್ತೇನೆ.