ತುರ್ತು ಸೇವೆಗಳ ಹಳೆಯ ಛಾಯಾಚಿತ್ರಗಳಿಂದ ಸಾರ್ವಜನಿಕ ಕಲಾಕೃತಿ ರೂಪಿಸುವ ಬಗೆ

ಅಗ್ನಿಶಾಮಕ, ಪೊಲೀಸ್ ಮತ್ತು ಆಂಬುಲೆನ್ಸ್ ಸೇವೆಗಳ ಕಡತಗಳಲ್ಲಿರುವ ಚಿತ್ರಗಳನ್ನು ತೆಗೆದದ್ದು ತನಿಖೆ, ತರಬೇತಿ ಮತ್ತು ವರದಿಗಳಿಗಾಗಿ. ಅವುಗಳಲ್ಲಿ ಕಾಣುವ ಸಾರ್ವಜನಿಕರ ಒಪ್ಪಿಗೆಯನ್ನು ಅಂದು ಯಾರೂ ಕೇಳಿರಲಾರರು. ಹಾಗಾಗಿ ಚಿತ್ರವೊಂದನ್ನು ಬೀದಿಯ ಗೋಡೆಗೆ ತರುವ ಮುನ್ನ ಅದರಲ್ಲಿರುವವರು ಯಾರು, ಅವರ ಮನೆಯವರು ಅದನ್ನು ದಿನವೂ ನೋಡುವಂತಾದರೆ ಏನಾದೀತು ಎಂದು ಯೋಚಿಸಬೇಕು. ಉರಿಯುವ ಕಟ್ಟಡಕ್ಕಿಂತ ಕವಾಯತು, ಏಣಿ ಹತ್ತುವ ಅಭ್ಯಾಸ, ಕರೆಗಾಗಿ ಕಾದು ಕುಳಿತ ಸಿಬ್ಬಂದಿ ಇವುಗಳ ಚಿತ್ರಗಳೇ ಹೆಚ್ಚು ಕಾಲ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಸಿಡ್ನಿಯ ಪೊಲೀಸ್ ಸಂಗ್ರಹದಲ್ಲಿ 1910ರಿಂದ 1960ರ ದಶಕದವರೆಗಿನ ಸುಮಾರು 1,30,000 ನೆಗೆಟಿವ್‌ಗಳಿವೆ. 1920ರ ದಶಕದ ಆರೋಪಿಗಳ ಅನೇಕ ಚಿತ್ರಗಳಲ್ಲಿ ಹೆಸರು ಮತ್ತು ದಿನಾಂಕವನ್ನು ನೆಗೆಟಿವ್‌ನ ಮೇಲೆಯೇ ಕೈಯಿಂದ ಬರೆಯಲಾಗಿದೆ. ಇಂಥ ಬರಹ ನೋಡಲು ಸೊಗಸಾದರೂ, ಆರೋಪ ಸಾಬೀತಾಗದವರೂ ಆ ಸಾಲಿನಲ್ಲಿರಬಹುದಾದ್ದರಿಂದ ಹೆಸರನ್ನು ಉಳಿಸುವುದೋ ಮರೆಮಾಡುವುದೋ ಎಂಬುದನ್ನು ಆರಂಭದಲ್ಲಿಯೇ ನಿರ್ಧರಿಸಿರಿ. ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಪತ್ರಿಕಾ ಛಾಯಾಗ್ರಾಹಕರ ಪ್ರತಿಗಳೂ ಇಲಾಖೆಯ ಕಡತ ಸೇರಿರುವುದುಂಟು, ಅವುಗಳ ಹಕ್ಕು ಇಲಾಖೆಯದಾಗಿರಲಿಕ್ಕಿಲ್ಲ.

ಮೂಲ ಪ್ರತಿಗಳನ್ನು ಮುಟ್ಟುವಾಗ ಎಚ್ಚರ ಅಗತ್ಯ. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಅಗ್ನಿಶಾಮಕ ದಳದ ಕಪಾಟಿನಲ್ಲಿಯೇ ಅದು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಹಳದಿಯಾಗಿ ಅಂಟಂಟಾದ ಫಿಲ್ಮ್ ಕಂಡರೆ ಸಂರಕ್ಷಣಾ ತಜ್ಞರನ್ನು ಕರೆಯಿರಿ.

ಸ್ಕ್ಯಾನ್ ಮಾಡುವ ಮೊದಲು ಕಲಾಕೃತಿಯ ಅಳತೆಯನ್ನೂ ನೋಡುವವರು ನಿಲ್ಲುವ ದೂರವನ್ನೂ ಗೊತ್ತುಮಾಡಿಕೊಳ್ಳಿ. 35 ಮಿ.ಮೀ. ನೆಗೆಟಿವ್ ಅನ್ನು ಅಂಗುಲಕ್ಕೆ 4,000 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ ಸುಮಾರು 5,600 ಪಿಕ್ಸೆಲ್ ದೊರೆಯುತ್ತವೆ. 3 ಮೀಟರ್ ಅಗಲಕ್ಕೆ ಹಿಗ್ಗಿಸಿದಾಗ ಅಂಗುಲಕ್ಕೆ ಉಳಿಯುವುದು 48 ಮಾತ್ರ. ಐದು ಮೀಟರ್ ದೂರದಿಂದ ನೋಡುವವರಿಗೆ ಅಷ್ಟು ಸಾಕು. ಹತ್ತಿರದಿಂದಲೂ ನೋಡುವ ಜಾಗವಾದರೆ ಚಿತ್ರವನ್ನು ದಪ್ಪ ಚುಕ್ಕೆಗಳ ಹಾಫ್‌ಟೋನ್‌ಗೆ, ಅಂದರೆ ಚಿಕ್ಕ ದೊಡ್ಡ ಚುಕ್ಕೆಗಳಿಂದಲೇ ನೆರಳು ಬೆಳಕು ತೋರಿಸುವ ರೂಪಕ್ಕೆ, ಪರಿವರ್ತಿಸಿ. ಆಗ ಒರಟುತನವೇ ಶೈಲಿಯಾಗುತ್ತದೆ. ಬಿರುಕು ಮತ್ತು ಕಲೆಗಳನ್ನು ಪೂರ್ತಿ ಅಳಿಸಬೇಡಿ, ಇಲ್ಲದ ಬಣ್ಣವನ್ನಂತೂ ತುಂಬಲೇಬೇಡಿ.

ಬಿಸಿಲಿಗೆ ಒಡ್ಡಿದ ವಿನೈಲ್ ಮುದ್ರಣ ಕೆಲವೇ ವರ್ಷಗಳಲ್ಲಿ ಮಾಸುತ್ತದೆ, ಆದ್ದರಿಂದ ಅದು ತಾತ್ಕಾಲಿಕ ಪ್ರದರ್ಶನಕ್ಕೆ ಮಾತ್ರ ಸೂಕ್ತ. ಶಾಶ್ವತ ಕೃತಿಗೆ ಕುಲುಮೆಯಲ್ಲಿ ಸುಟ್ಟ ಎನಾಮೆಲ್ ಉಕ್ಕಿನ ಫಲಕ, ಬಣ್ಣ ಸುಟ್ಟ ಸೆರಾಮಿಕ್ ಬಿಲ್ಲೆ ಅಥವಾ ಬೇರೆ ಬೇರೆ ಗಾತ್ರದ ರಂಧ್ರಗಳಿಂದಲೇ ಚಿತ್ರ ಮೂಡಿಸುವ ಲೋಹದ ಹಾಳೆಯನ್ನು ಆರಿಸಿರಿ. ಇವುಗಳ ವೆಚ್ಚ ಹೆಚ್ಚು, ತಿದ್ದುವುದೂ ಕಷ್ಟ. ಹಾಗಾಗಿ ಒಂದು ತುಣುಕನ್ನು ಪೂರ್ಣ ಅಳತೆಯಲ್ಲಿ ಮಾಡಿಸಿ, ಅದೇ ಸ್ಥಳದಲ್ಲಿ ಹಗಲು ಮತ್ತು ರಾತ್ರಿಯ ಬೆಳಕಿನಲ್ಲಿ ನೋಡಿದ ಮೇಲೆಯೇ ಉಳಿದುದಕ್ಕೆ ಆದೇಶ ಕೊಡಿ.

ಪಕ್ಕದ ವಿವರ ಫಲಕದಲ್ಲಿ ಚಿತ್ರದ ವರ್ಷ, ಸಂಗ್ರಹದ ಕ್ರಮಸಂಖ್ಯೆ ಮತ್ತು ಸಂಗ್ರಹಾಲಯದ ವಿಳಾಸ ಇರಲಿ. ಚಿತ್ರದಲ್ಲಿರುವವರನ್ನು ಗುರುತಿಸಿದವರು ಆಕ್ಷೇಪಿಸಿದರೆ ಅದನ್ನು ತೀರ್ಮಾನಿಸುವವರು ಯಾರು, ಫಲಕವನ್ನು ತೆಗೆಯುವ ವೆಚ್ಚ ಯಾರದು ಎಂಬುದನ್ನು ಒಪ್ಪಂದದಲ್ಲಿಯೇ ನಮೂದಿಸಬೇಕು.