ಟಬ್ಬಿಗೆ ಕುಂತ ಸಾಬೂನಿನ ಪದರು

ನಮ್ಮ ಕಲಬುರಗಿ ಕಡೆ ಬೋರಿನ ನೀರು ಭಾಳ ಗಡಸು. ಹೊಸಾ ಬಕೇಟು ಸೈತ ನಾಕು ದಿನದಾಗ ಬೆಳ್ಳಗಾಗ್ತದ, ಇನ್ನ ಟಬ್ ಬಿಡ್ತದೇನ್ರಿ? ಬಚ್ಚಲದಾಗ ಟಬ್ ಹಾಕಿಸ್ಕೊಂಡ ಹುಡುಗ್ಯಾರು, "ಅತ್ತಿ, ದಿನಾ ತಿಕ್ಕಿದ್ರೂ ಅಂಚಿನ ಗೆರೆ ಹೋಗವಲ್ದು" ಅಂತಾರ. ಬರೇ ತಿಕ್ಕಿದ್ರ ಅದು ಹೋಗೂದಲ್ಲ. ನೀರಾಗಿನ ಸುಣ್ಣದ ಅಂಶ ಸಾಬೂನಿನ ಕೂಡ ಸೇರಿ, ನೀರಿಗೆ ಕರಗದ ಪದರಾಗಿ ಕುಂತಿರ್ತದ. ಮತ್ತ ಸಾಬೂನು ಹಚ್ಚಿ ತಿಕ್ಕಿದ್ರ ಇನ್ನೊಂದು ಪದರು ಕೂಡ್ತದ, ಅಷ್ಟೇ.

ಅದಕ್ಕ ಹುಳಿ ಬೇಕು. ಹಂಡೆಗೆ ಹುಣಸಿಹಣ್ಣು ಹಚ್ಚೂ ಮಂದಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ, ಆದ್ರ ಹುಣಸಿಹಣ್ಣು ಟಬ್ಬಿಗೆ ಕಲೆ ಮಾಡ್ತದ. ಬಿಳಿ ವಿನೆಗರ್ ತರ್ರಿ, ಅಷ್ಟೇ ಬೆಚ್ಚಗಿನ ನೀರು ಕೂಡಿಸ್ರಿ, ಪಾತ್ರೆ ತಿಕ್ಕೂ ಲಿಕ್ವಿಡ್ ಒಂದೆರಡು ಚಮಚ ಹಾಕ್ರಿ. ಟಬ್ಬಿನ ಗೋಡಿಗೆ ಸುಮ್ನ ಸುರುವಿದ್ರ ಇಳಿದು ಹೋಗ್ತದ. ಹಳೇ ಧೋತರದ ಅರಿವಿ ಅದರಾಗ ಅದ್ದಿ, ಗೆರೆ ಇದ್ದಲ್ಲಿ ಅಂಟಿಸಿ, ಕಾಲು ತಾಸು ಬಿಡ್ರಿ. ಆಮ್ಯಾಲ ಉಗುರಿನಿಂದ ಕೆರೆದು ನೋಡ್ರಿ. ಮೇಣದಂಗ ಉಗುರಾಗ ಬಂತಂದ್ರ ಮೆತ್ತಗಾಗ್ಯದ, ಸ್ಪಂಜಿನಿಂದ ಒರೆಸಿ ತೊಳೀರಿ. ಗಟ್ಟಿ ಇದ್ರ ಮತ್ತೊಮ್ಮೆ ಅರಿವಿ ಹಾಕ್ರಿ. ತಂತಿ ಉಂಡಿ ಮಾತ್ರ ಮುಟ್ಟಬ್ಯಾಡ್ರಿ, ಗೀರು ಬಿದ್ರ ಅಲ್ಲೇ ಹೊಲಸು ಕೂಡ್ತದ.

ಅಡಗಿ ಸೋಡಾ ವಿನೆಗರ್ ಕೂಡ ಕಲಿಸಿ ಬುರುಗು ಬರೂದು ನೋಡಿ ಖುಷಿ ಪಡ್ತಾರ ಕೆಲವರು. ಹುಳಿ ಸತ್ತುಹೋಗ್ತದ್ರಿ ಅದರಾಗ! ಹುಳಿ ತೊಳೆದ ಮ್ಯಾಲ, ಉಳಿದದ್ದನ್ನ ತಿಕ್ಕಲಿಕ್ಕೆ ಸೋಡಾ ಬ್ಯಾರೆ ಬಳಸ್ರಿ. ಎನಾಮಲ್ ಹಚ್ಚಿದ ಕಬ್ಬಿಣದ ಟಬ್ ಇದ್ರ ಹುಳಿ ಬ್ಯಾಡ, ಸೋಡಾ ಮತ್ತ ಲಿಕ್ವಿಡ್ ಸಾಕು.

ನಾ ಭಾಳ ಹೆದರೂದು ಟಬ್ಬಿಗಲ್ಲ, ಅದರ ಕೆಳಗಿನ ಫರಸಿಗೆ. ನಮ್ಮ ಮನಿಗೋಳ ನೆಲ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಬಂದದ್ದೇ ಈ ಕಲ್ಲಿಗೆ. ಪದರು ಕರಗಿಸೂ ಹುಳಿ ಕಲ್ಲನ್ನೂ ತಿಂತದ. ವಿನೆಗರ್ ಹನಿ ಬಿದ್ದು ಒಣಗಿದಲ್ಲಿ ಹೊಳಪು ಹೋಗಿ, ಕೈಯಾಡಿಸಿದ್ರ ಉರುಟು ಹತ್ತೂ ಮಚ್ಚಿ ಆಗ್ತದ. ತಿಕ್ಕಿದ್ರ ಹೋಗೂದಿಲ್ಲ, ಪಾಲಿಶ್ ಮಷೀನೇ ಬೇಕು. ಅದಕ್ಕ ಮೊದಲು ನೆಲದ ಮ್ಯಾಲ ಎರಡು ಬಕೇಟು ನೀರು ಚೆಲ್ರಿ, ಕೆಲಸ ಮುಗಿದಕೂಡ್ಲೆ ಮತ್ತ ತೊಳೀರಿ. ಸಂಡಾಸಿಗೆ ಹಾಕೂ ಆಸಿಡ್ ಟಬ್ಬಿಗೂ ಬ್ಯಾಡ, ಫರಸಿಗೂ ಬ್ಯಾಡ. ಬ್ಲೀಚಿಂಗ್ ಪೌಡರ್ ಹಾಕಿದಲ್ಲಿ ಹುಳಿ ಸುರುವಿದ್ರ ವಿಷದ ಗಾಳಿ ಏಳ್ತದ, ಬಾಗಿಲಾ ಮುಚ್ಚಿದ ಸಣ್ಣ ಬಚ್ಚಲದಾಗ ಉಸಿರು ಕಟ್ತದ. ಅವೆರಡನ್ನ ಒಂದೇ ದಿನ ಒಳಗ ಒಯ್ಯಲೇಬ್ಯಾಡ್ರಿ.

ಜಳಕ ಆದ ಮ್ಯಾಲ ಟಬ್ಬಿನ ಗೋಡಿ ಒಣ ಅರಿವಿಲೇ ಒಮ್ಮೆ ಒರೆಸಿದ್ರ ಗೆರೆ ಕೂಡೂದು ಭಾಳ ಕಡಿಮಿ. ಆ ಅರಿವಿ ಬಚ್ಚಲದ ಗೂಟಕ್ಕೇ ಇರ್ಲಿ, ಹೊರಗಿಟ್ರ ತರಾಕ ಯಾರೂ ಹೋಗೂದಿಲ್ಲ.